ನೂರ ಹದಿನೈದನೇ ಫ್ರೇಮು

ಮೇಜಿನ ಮೇಲೆ ಕಾಫಿ ಲೋಟ ಬಿಟ್ಟುಹೋದ ಮೂರು ಉಂಗುರಗಳನ್ನು ಕಂಡ ಕ್ಷಣದಲ್ಲೇ, ಹಲ್ಲು ಡಾಕ್ಟರಿಗೆ ಮೋಸ ಮಾಡಲೇಬೇಕೆಂದು ಅವನು ನಿಶ್ಚಯಿಸಿದ.

ಅದು ಊಟದ ಮೇಜಲ್ಲ, ಬರೆಯುವ ಮೇಜೂ ಅಲ್ಲ. ಆರು ಜನ ಸೇರಿ ಎತ್ತಬೇಕಾದ ಎರಕದ ಕಬ್ಬಿಣದ ಚಪ್ಪಡಿ. ಕೈಯಲ್ಲಿ ಕಟ್ಟಿದ ಸೈಕಲ್ ಫ್ರೇಮು ಕೂದಲೆಳೆಯಷ್ಟೂ ಸೊಟ್ಟಗಿಲ್ಲವೆಂದು ತಿಳಿಯಬೇಕಾದರೆ ಅದನ್ನು ಇಂಥದೊಂದು ಚಪ್ಪಡಿಯ ಮೇಲೆ ಬಿಗಿದು ಅಳೆಯಬೇಕು. ಮಾವನ ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷ ಅವನು ನಿಂತಿದ್ದು ಅದರ ಮುಂದೆಯೇ. ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ಹಲ್ಲು ಡಾಕ್ಟರಿಗೆ ಕೊಟ್ಟು, ಬದಲಿಗೆ ಮೇಲೂ ಕೆಳಗೂ ಪೂರ್ತಿ ಒಂದು ಸೆಟ್ ಹಲ್ಲು ಕಟ್ಟಿಸಿಕೊಂಡರು. ಆ ಹಲ್ಲುಗಳಿಂದ ಎರಡು ವರ್ಷ ಅಳಿಯನ ತಲೆಯನ್ನೇ ತಿಂದು ಅವರೂ ಹೋದರು. ಮೇಜು ಮಾತ್ರ ಡಾಕ್ಟರ ನಡುಮನೆಯಲ್ಲಿ, ನೆತ್ತಿಯ ಮೇಲೊಂದು ಗಾಜಿನ ಹೂದಾನಿ ಹೊತ್ತು, ಮುದುಡಿ ಕೂತಿತ್ತು.

ಡಾಕ್ಟರಿಗೆ ಹಳೆಯ ಸೈಕಲ್ಲಿನ ಹುಚ್ಚು. ಅದರಲ್ಲೂ ಮಾವ ಕಟ್ಟಿದ ರೇಸ್ ಸೈಕಲ್ಲುಗಳೆಂದರೆ ಪ್ರಾಣ. ಹನ್ನೊಂದು ಫ್ರೇಮುಗಳನ್ನು ಗೋಡೆಗೆ ನೇತುಹಾಕಿದ್ದರು, ಬೇಟೆಗಾರರು ಜಿಂಕೆಯ ತಲೆ ನೇತುಹಾಕುವ ಹಾಗೆ. ಮಾವನ ಬಗ್ಗೆ ದಪ್ಪನೆಯ ಪುಸ್ತಕವನ್ನೂ ಬರೆದಿದ್ದರು. ಜೀವಮಾನದಲ್ಲಿ ಒಂದು ಸಲವೂ ಬೆಸುಗೆಯ ದೀಪ ಹೊತ್ತಿಸದ ಮನುಷ್ಯ ಬೆಂಕಿಯ ಬಣ್ಣದ ಮೇಲೆಯೇ ನಲವತ್ತು ಪುಟ ಬರೆದಿದ್ದರು. ಆ ಪುಸ್ತಕದಲ್ಲಿ ಅಳಿಯ ಬರುವುದು ಒಂದೇ ಕಡೆ, ಅಡಿಟಿಪ್ಪಣಿಯಲ್ಲಿ: 'ಒಬ್ಬ ಸಹಾಯಕನೂ ಇದ್ದ.'

ಅವತ್ತು ಅವನನ್ನು ಕರೆಸಿದ್ದು ಗೋಡೆಯ ಮೇಲಿನ ಒಂದು ಫ್ರೇಮಿನ ಮೊಳೆ ಸಡಿಲವಾಗಿದೆಯೆಂದು. ಡಾಕ್ಟರು ಯಾರೋ ಅತಿಥಿಗೆ ಅದೇ ಫ್ರೇಮನ್ನು ತೋರಿಸುತ್ತಿದ್ದರು.

"ಇದು ಮೇಸ್ತ್ರಿಗಳ ಕೊನೆಗಾಲದ್ದು. ಬೆಸುಗೆಯ ಅಂಚು ನೋಡಿ. ವಯಸ್ಸಾದ ಹಾಗೆ ಕೈ ಹೇಗೆ ಮಾಗಿದೆ!"

ಮಾವನಿಗೆ ಕೊನೆಯ ಒಂಬತ್ತು ವರ್ಷ ಕೈ ನಡುಗುತ್ತಿತ್ತು. ಚಹಾದ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಅವನು ಏಣಿಯ ಮೇಲಿಂದಲೇ ಹೇಳಿದ: "ಡಾಕ್ಟ್ರೇ, ಅದನ್ನ ಬೆಸೆದಿದ್ದು ನಾನು."

ಡಾಕ್ಟರು ನಕ್ಕರು. ರೋಗಿ ನೋವು ಎಂದಾಗ ನಗುವ ನಗೆ ಅದು. "ಇರಬಹುದಪ್ಪಾ ಬೆಸುಗೆ, ನೀನೂ ಪಕ್ಕದಲ್ಲಿ ಇದ್ದೆ. ಆದ್ರೆ ನಿನಗಿರೋದು ಬರೀ ಕೈ. ಅವರಿಗೆ ಕಣ್ಣಿತ್ತು." ಹಾಗೆಂದು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಇಟ್ಟರು. ನಾಲ್ಕನೆಯ ಉಂಗುರ.

ಬೆಸುಗೆ ಎನ್ನುವುದು ಪೇಟೆಯವರು ಅವನಿಗೆ ಇಟ್ಟ ಹೆಸರು. ಮಾವನನ್ನು ಮೇಸ್ತ್ರಿ ಎಂದು ಕರೆದವರೇ ಅಳಿಯನನ್ನು ಬೆಸುಗೆ ಎಂದರು. ಅದೇನು ಲೆಕ್ಕಾಚಾರವೋ ಅವನಿಗೆ ಐವತ್ತಾರರ ವಯಸ್ಸಿನಲ್ಲೂ ಅರ್ಥವಾಗಿರಲಿಲ್ಲ.

ಯೋಜನೆ ಸರಳವಾಗಿತ್ತು. ಮಾವ ಕಟ್ಟಿದ್ದೆಂದು ಹೇಳಬಹುದಾದ ಒಂದು ಫ್ರೇಮನ್ನು ತಾನು ಕಟ್ಟುವುದು. ಅದು ಅಪ್ಪಟವೆಂದು ಡಾಕ್ಟರ ಬಾಯಲ್ಲೇ ಹೇಳಿಸುವುದು. ಫ್ರೇಮು ಕೊಟ್ಟು ಮೇಜನ್ನು ಮನೆಗೆ ತರುವುದು. ಆಮೇಲೆ ಸಾಯುವವರೆಗೂ, ಡಾಕ್ಟರು ಅದರ ಮುಂದೆ ನಿಂತು ಅತಿಥಿಗಳಿಗೆ ಪ್ರವಚನ ಮಾಡುವಾಗಲೆಲ್ಲ, ಹಿಂದೆ ಕೈಕಟ್ಟಿ ನಿಂತು ಒಳಗೊಳಗೇ ನಗುವುದು. ಇದನ್ನು ಅಪರಾಧವೆನ್ನಲು ಅವನ ಮನಸ್ಸು ಒಪ್ಪಲಿಲ್ಲ. ಡಾಕ್ಟರು ಇಷ್ಟು ದಿನ ತನ್ನ ಕೆಲಸವನ್ನು ಮಾವನದೆಂದು ನಂಬಿದ್ದಾರೆ. ಇನ್ನೊಂದನ್ನು ನಂಬಲಿ, ಅಷ್ಟೇ.

ಯಾವ ಫ್ರೇಮು ಎನ್ನುವುದನ್ನು ಡಾಕ್ಟರ ಪುಸ್ತಕವೇ ಹೇಳಿಕೊಟ್ಟಿತು. ಮಾವ ಕಟ್ಟಿದ್ದು ಒಟ್ಟು ನಾನೂರ ಹನ್ನೆರಡು. ಒಂದೊಂದಕ್ಕೂ ರಿಜಿಸ್ಟರಿನಲ್ಲಿ ಒಂದೊಂದು ಹಾಳೆ: ನಂಬರು, ಯಾರಿಗೆ, ಯಾವ ಪೈಪು, ಯಾವ ಬಣ್ಣ. ಅಳತೆಯನ್ನು ಮಾತ್ರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಕೆಲಸ ಮುಗಿದ ಮೇಲೆ ಒರೆಸಿಬಿಡುತ್ತಿದ್ದರು. ನಾನೂರ ಹನ್ನೊಂದು ಹಾಳೆಗಳು ಇದ್ದವು. ನೂರ ಹದಿನೈದನೆಯದು ಇರಲಿಲ್ಲ, ಯಾರೋ ಹರಿದಿದ್ದರು. ಅದು ಮೂವತ್ತೆಂಟು ವರ್ಷದ ಹಿಂದಿನ ಮಾತು, ಅವನು ವರ್ಕ್‌ಶಾಪಿಗೆ ಸೇರುವ ಹಿಂದಿನ ವರ್ಷ. ಆ ಫ್ರೇಮನ್ನು ಕಂಡವರೂ ಯಾರೂ ಇಲ್ಲ. ಡಾಕ್ಟರು ಇದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದರು. ತನ್ನ ಸೃಷ್ಟಿಯಲ್ಲಿ ತನಗೇ ತೃಪ್ತಿಯಾಗದ ಮಹಾ ಕಲಾವಿದ ನೋವಿನಲ್ಲಿ ಆ ಹಾಳೆಯನ್ನು ಹರಿದೆಸೆದನಂತೆ. ಬೆಸುಗೆಗೆ ಮಾವನ ಸ್ವಭಾವ ಗೊತ್ತಿತ್ತು. ಸ್ಟವ್ ಹೊತ್ತಿಸಲು ಕಾಗದ ಸಿಗದೆ ಹರಿದಿರಬೇಕು, ಅಷ್ಟೆ ಎಂದುಕೊಂಡ.

ಇಷ್ಟು ತೀರ್ಮಾನವಾದ ಮೇಲೆ ನಿಜವಾದ ಪ್ರಶ್ನೆ ಬಂತು. ಯಾವ ಪೈಪು?

ಮೋಸವೆಲ್ಲ ನಿಂತಿರುವುದು ಇದರ ಮೇಲೆಯೇ ಎಂದು ಅವನಿಗೆ ತಿಳಿದಿತ್ತು. ಬಣ್ಣವನ್ನು ಮುಪ್ಪಾಗಿಸಬಹುದು, ಬೆಸುಗೆಗೆ ಮಸಿ ಹಿಡಿಸಬಹುದು. ಉಕ್ಕು ಮಾತ್ರ ಸುಳ್ಳು ಹೇಳುವುದಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಪೈಪು ಒಳ್ಳೆಯದೇ. ನಿಜ ಹೇಳಬೇಕೆಂದರೆ ಮಾವ ಬಳಸಿದ್ದಕ್ಕಿಂತ ಎರಡು ಪಟ್ಟು ಒಳ್ಳೆಯದು. ಆದರೆ ಅದರ ಸುತ್ತಳತೆ ದೊಡ್ಡದು, ಪೈಪಿನ ಗೋಡೆ ತೆಳು. ಉಗುರಿನಿಂದ ತಟ್ಟಿದರೆ ಡಬ್ಬದ ಹಾಗೆ ಸದ್ದು ಮಾಡುತ್ತದೆ. ಹಳೆಯ ಮಾಮೂಲಿ ಸೈಕಲ್ ಒಡೆದು ಪೈಪು ತೆಗೆಯೋಣವೆಂದರೆ ಅದು ತಗಡನ್ನು ಸುತ್ತಿ ಅಂಟಿಸಿದ್ದು. ಒಳಗೆ ಉದ್ದಕ್ಕೂ ಗಾಯದ ಗುರುತಿನಂಥ ಗೆರೆ ಇರುತ್ತದೆ. ಮಾವನದೇ ಇನ್ನೊಂದು ಫ್ರೇಮನ್ನು ಕಳಚಿ ಇದನ್ನು ಮಾಡಬಹುದಿತ್ತು. ಅದಕ್ಕೆ ಅವನ ಕೈ ಬರಲಿಲ್ಲ. ಮೋಸಗಾರನಿಗೂ ಒಂದು ಮರ್ಯಾದೆ ಬೇಡವೇ.

ನೂರ ಹದಿನಾಲ್ಕು ಮತ್ತು ನೂರ ಹದಿನಾರನೆಯ ಹಾಳೆಗಳಲ್ಲಿ ಮಾವ 'ಹಡಗಿನ ಪೈಪು' ಎಂದು ಬರೆದಿದ್ದರು. ಆ ಕಾಲಕ್ಕೆ ಊರಿನ ಸೈಕಲ್ ಕಾರ್ಖಾನೆ ಹೊರದೇಶದಿಂದ ಒಂದೇ ಒಂದು ಸಲ ತರಿಸಿದ ಉಕ್ಕು ಅದು. ತುದಿಗಳಲ್ಲಿ ದಪ್ಪ, ನಡುವೆ ತೆಳು, ಎಲ್ಲೂ ಅಂಟಿಸಿದ ಗೆರೆಯಿಲ್ಲ. ತಟ್ಟಿದರೆ ಸದ್ದು ಸಣ್ಣಗೆ ಹುಟ್ಟಿ ಬಹಳ ಹೊತ್ತು ನಿಲ್ಲುತ್ತದೆ. ಮಾವ ಅದನ್ನು ಕಾರ್ಖಾನೆಯ ಸ್ಟೋರ್‌ಕೀಪರ್ ಮೂಲಕ ಹಿಂಬಾಗಿಲಿನಿಂದ ತರಿಸುತ್ತಿದ್ದರು. ಕಾರ್ಖಾನೆ ಮುಚ್ಚಿ ಕಾಲವಾಗಿತ್ತು, ಸ್ಟೋರ್‌ಕೀಪರ್ ಕೂಡ ಇರಲಿಲ್ಲ. ಆದರೆ ಹಿಂಬಾಗಿಲಿನ ಅಭ್ಯಾಸವಿದ್ದ ಮನುಷ್ಯ ತನ್ನ ಮನೆಗೂ ಏನಾದರೂ ಸಾಗಿಸಿರದೆ ಇರುತ್ತಾನೆಯೇ?

ಸ್ಟೋರ್‌ಕೀಪರನ ಹೆಂಡತಿ ಬೀದಿಯ ಕೊನೆಯ ಚಿಕ್ಕ ಮನೆಯಲ್ಲಿ ಒಬ್ಬರೇ ಇದ್ದರು. ಬೆಸುಗೆ ರಸ್ತೆಯಿಂದಲೇ ಕಿಟಕಿಗಳನ್ನು ನೋಡಿದ. ಮೂರು ಕಿಟಕಿ, ಮೂರು ಪರದೆ, ಮೂರು ಕಂಬಿ. ಪರದೆಗೆ ಅಷ್ಟು ದಪ್ಪದ ಕಂಬಿಯನ್ನು ಯಾವ ಬುದ್ಧಿವಂತನೂ ಹಾಕುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅವನು ಕಂಕುಳಲ್ಲಿ ಅಲ್ಯೂಮಿನಿಯಂ ಕಂಬಿಗಳ ಕಟ್ಟು ಹಿಡಿದು ಬಾಗಿಲು ತಟ್ಟಿದ.

"ಯಾರಪ್ಪಾ?"

"ಪರದೆ ಕಂಬಿ ಕಂಪನಿಯಿಂದ ಅಮ್ಮಾ. ಹಳೇ ಕಂಬಿ ಕೊಟ್ರೆ ಹೊಸದು ಹಾಕಿಕೊಡ್ತೀವಿ. ದುಡ್ಡೇನೂ ಬೇಡ."

"ದುಡ್ಡು ಬೇಡ್ವಾ? ಹಾಗಾದ್ರೆ ಇದರಲ್ಲಿ ಏನೋ ಮೋಸ ಇದೆ."

"ಮೋಸ ಎಂಥದ್ದಮ್ಮಾ, ಪ್ರಚಾರಕ್ಕೆ."

ಮುದುಕಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅವನ ಮುಖದ ಬದಲು ಅವನ ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತ, ಒಳಗೆ ಬಿಟ್ಟುಕೊಂಡರು. "ನಮ್ಮನೆಯವರು ಹಾಕಿದ ಕಂಬಿ ಇದು. ಒಂದೇ ಒಂದು ದಿನ ಬಗ್ಗಿದ್ದಿಲ್ಲ."

"ಬಗ್ಗಲ್ಲಮ್ಮಾ, ಇದು ಬಗ್ಗೋ ಜಾತಿಯಲ್ಲ," ಎಂದುಬಿಟ್ಟ. ತಕ್ಷಣ ನಾಲಿಗೆ ಕಚ್ಚಿಕೊಂಡ.

ಕಂಬಿಗಳನ್ನು ಇಳಿಸಿ, ದಪ್ಪ ಅಳೆಯುವ ವರ್ನಿಯರ್ ಹಚ್ಚಿದ. ಒಂದು ಸರಿಯಾಗಿ ಒಂದಿಂಚು, ಮೇಲಿನ ಪೈಪಿಗೆ. ಉಳಿದೆರಡು ಒಂದೂಕಾಲಿಗೆ ಸ್ವಲ್ಪ ಕಡಿಮೆ. ಸೀಟಿನ ಪೈಪಿಗೊಂದು, ಇಳಿಜಾರಿನ ಪೈಪಿಗೊಂದು. ಬೀಗದ ಕೈಯಿಂದ ತುದಿಗೆ ತಟ್ಟಿದ, ಮೊದ್ದು ಸದ್ದು. ನಡುವಿಗೆ ತಟ್ಟಿದ, ಮನೆಯೆಲ್ಲ ಗುಂಯ್ ಎಂದಿತು. ತೂತಿನೊಳಗೆ ಕಣ್ಣಿಟ್ಟು ನೋಡಿದರೆ ತೆಳ್ಳನೆಯ ಕಂದು ತುಕ್ಕು. ಮೂವತ್ತೆಂಟು ವರ್ಷದ ಗಾಳಿ ನಿಧಾನವಾಗಿ ಬಳಿದದ್ದು, ಯಾವ ಆಮ್ಲದಿಂದಲೂ ಬರಿಸಲಾಗದ್ದು. ಮುಂದಿನ ಗೇಣುದ್ದದ ಪೈಪು, ಹಿಂದಿನ ಸಣ್ಣ ಪೈಪು, ಫೋರ್ಕು ಇವನ್ನೆಲ್ಲ ಮಾವ ಸಿಕ್ಕಿದ ಕಡೆಯಿಂದ ತರುತ್ತಿದ್ದರು. ಅವುಗಳ ಕುಲಗೋತ್ರ ಯಾರೂ ಕೇಳುವುದಿಲ್ಲ. ಈ ಮೂರು ಸಿಕ್ಕರೆ ಫ್ರೇಮು ಸಿಕ್ಕ ಹಾಗೆಯೇ.

"ಹೇಗೂ ಬಂದಿದ್ದೀಯ, ಆ ಬೀರು ಸ್ವಲ್ಪ ಗೋಡೆ ಕಡೆ ಸರಿಸಿಕೊಡು," ಎಂದರು ಮುದುಕಿ. ಸರಿಸಿದ. ಆಮೇಲೆ ಸೋರುವ ನಲ್ಲಿ. ಆಮೇಲೆ ಕಿರುಗುಟ್ಟುವ ಬಾಗಿಲು. ಮಧ್ಯಾಹ್ನ ಒಂದು ಗಂಟೆಗೆ ಬಿಡುಗಡೆಯಾದಾಗ ಮುದುಕಿ ಅವನ ತೋಳು ಸವರಿ, "ಇಷ್ಟು ಪ್ರಾಮಾಣಿಕರು ಈಗೆಲ್ಲಿ ಸಿಗ್ತಾರಪ್ಪಾ," ಎಂದರು. ಅನುಮಾನ ಬರಬಾರದೆಂದು ಅವನು ಅಕ್ಕಪಕ್ಕದ ಎರಡು ಮನೆಗೂ ಹೊಸ ಕಂಬಿ ಹಾಕಿಕೊಟ್ಟು, ಅವರ ಬಿದಿರು ಕೋಲುಗಳನ್ನು ಭಕ್ತಿಯಿಂದ ಹೊತ್ತು ತಂದ. ಯಾರಾದರೂ ಕೇಳಿದರೆ ಬೀದಿಗೆ ಕಂಬಿಯವನು ಬಂದಿದ್ದನೆಂದು ಹೇಳುತ್ತಾರೆ, ಅಷ್ಟೆ.

ಹೆಂಡತಿ ತಂಗಿಯ ಮಗಳ ಬಾಣಂತನಕ್ಕೆಂದು ಎರಡು ತಿಂಗಳು ಹೋಗಿದ್ದಳು. ಅವನು ಕಟ್ಟಲು ಕೂತ.

ಕಷ್ಟವಾದದ್ದು ಚೆನ್ನಾಗಿ ಮಾಡುವುದಲ್ಲ. ಮಾವನಷ್ಟು ಕೆಟ್ಟದಾಗಿ ಮಾಡುವುದು. ಆ ಕಾಲಕ್ಕೆ ಮಾವ ಸೀಟಿನ ಬಳಿಯ ಕೀಲನ್ನು ಯಾವಾಗಲೂ ಅತಿಯಾಗಿ ಕಾಯಿಸುತ್ತಿದ್ದರು. ಬೆಸೆಯಲು ಕರಗಿಸಿದ ಹಿತ್ತಾಳೆ ಅಲ್ಲಿ ಗುಳ್ಳೆ ಏಳುತ್ತಿತ್ತು. ಅರದ ಗೀರುಗಳನ್ನು ಒಳಮೂಲೆಯಲ್ಲಿ ಹಾಗೆಯೇ ಬಿಡುತ್ತಿದ್ದರು. ಬೆಸೆಯುವಾಗ ಪೈಪು ಜಾರದಿರಲೆಂದು ಒಂದೊಂದು ಕೀಲಿಗೂ ಎರಡು ಸಣ್ಣ ಮೊಳೆ ಹೊಡೆಯುತ್ತಿದ್ದರು. ಬೆಸುಗೆ ಇದೆಲ್ಲವನ್ನೂ ಬಿಟ್ಟು ಮೂವತ್ತು ವರ್ಷವಾಗಿತ್ತು. ಮೊದಲ ಸಲ ಕಾಯಿಸಿದಾಗ ಕೈ ತನ್ನಷ್ಟಕ್ಕೆ ಸರಿಯಾಗಿಯೇ ಮಾಡಿಬಿಟ್ಟಿತು. ಅವನಿಗೆ ತನ್ನ ಮೇಲೆಯೇ ರೇಗಿತು. ಬಿಚ್ಚಿ, ಮತ್ತೆ ಕಾಯಿಸಿ, ಹಲ್ಲು ಕಚ್ಚಿ ಗುಳ್ಳೆ ಏಳಿಸಿದ. ಫ್ರೇಮಿನ ಅಳತೆಯನ್ನು ಡಾಕ್ಟರ ಉದ್ದ ಕಾಲಿಗೆ ಹೊಂದುವಂತೆಯೇ ಇಟ್ಟ. ತನಗಾಗಿಯೇ ಹುಟ್ಟಿದ್ದೆಂದು ಕಾಣುವ ವಸ್ತುವನ್ನು ಯಾರೂ ಅನುಮಾನಿಸುವುದಿಲ್ಲ. ಕೊನೆಗೆ, ತನ್ನ ಬಳಿಯೇ ಉಳಿದಿದ್ದ ಮಾವನ ನಂಬರಿನ ಅಚ್ಚುಗಳಿಂದ, ಪೆಡಲ್ ತಿರುಗುವ ಗೂಡಿನ ತಳದಲ್ಲಿ ಮೂರು ಏಟು ಹೊಡೆದ: ಒಂದು, ಒಂದು, ಐದು.

ಉಳಿದ ಪೈಪಿನ ತುಂಡುಗಳು ಎರಕದ ಒಲೆಯಲ್ಲಿ ಕರಗಿಹೋದವು. ಅರದ ಪುಡಿ ಚರಂಡಿಯಲ್ಲಿ ಹರಿದುಹೋಯಿತು. ಆ ಎರಡು ತಿಂಗಳು ವರ್ಕ್‌ಶಾಪಿನಲ್ಲಿ ಏನು ನಡೆಯಿತೆನ್ನಲು ಜಗತ್ತಿನಲ್ಲಿ ಒಂದು ಚೂರು ಗುರುತೂ ಉಳಿಯಲಿಲ್ಲ. ತನ್ನ ಅಚ್ಚುಕಟ್ಟು ಅವನಿಗೇ ಮೆಚ್ಚಿಕೆಯಾಯಿತು.

ಎರಡು ತೊಡಕು ಉಳಿದವು. ಮೂಲದ ಬಣ್ಣ ಯಾವುದೋ ಗೊತ್ತಿಲ್ಲ. ಮತ್ತೆ, ಫ್ರೇಮು ರಸ್ತೆಯನ್ನೇ ಕಂಡಿಲ್ಲ. ಚೈನು ಉಜ್ಜಿದ ಸವೆತವಿಲ್ಲ, ಮೂಲೆಗಳೆಲ್ಲ ಚೂಪು. ಎರಡಕ್ಕೂ ಅವನು ಒಂದೇ ಕತೆ ಹೆಣೆದ. ಅಗ್ಗದ ಕಪ್ಪು ಬಣ್ಣವನ್ನು ಒರಟಾಗಿ ಬಳಿದು, ಧೂಳಿನಲ್ಲಿ ಹೊರಳಿಸಿ, ಊರಾಚೆ ತೀರಿಹೋದ ಅಣ್ಣನ ಬೀಗ ಹಾಕಿದ ಷೆಡ್ಡಿನಲ್ಲಿ ಗೋಣಿ ಸುತ್ತಿ ಇಟ್ಟ. ಆಮೇಲೆ ನೋಟರಿಯ ಮುಂದೆ ಕೂತು ಹೇಳಿಕೆ ಬರೆಸಿದ:

'ನನಗೆ ಹದಿನೆಂಟು ವರ್ಷವಾಗಿದ್ದಾಗ, ಅಣ್ಣನ ಷೆಡ್ಡಿನ ಹತ್ತಿರ, ಈ ಸೈಕಲ್ಲನ್ನು ಅದರ ಮೊದಲ ಮಾಲೀಕರ ಕೈಯಿಂದ ನೇರವಾಗಿ ಪಡೆದೆ. ಅವರು ಎತ್ತರದ ಗೃಹಸ್ಥರು. ಕೊಂಡು ಹತ್ತು ದಿನವೂ ಓಡಿಸಿರಲಿಲ್ಲ. ಇನ್ನು ಮುಂದೆ ತಮಗೆ ಸೈಕಲ್ ಬೇಕಾಗುವುದಿಲ್ಲ ಎಂದರು. ಗುರುತು ಸಿಗಬಾರದೆಂದು ಮೂಲ ಬಣ್ಣ ಕೆರೆದು ಕಪ್ಪು ಬಳಿದೆ; ಅದು ಮೇಸ್ತ್ರಿಯವರಿಗೆ ತಿಳಿದರೆ ಬೈದಾರೆಂದು ಹೆದರಿ ಯಾರಿಗೂ ತೋರಿಸಲಿಲ್ಲ. ಅಂದಿನಿಂದ ಇಂದಿನವರೆಗೆ ನಾನಲ್ಲದೆ ಬೇರೆ ಯಾರೂ ಇದನ್ನು ಮುಟ್ಟಿಲ್ಲ.'

ಕೊನೆಯ ವಾಕ್ಯವನ್ನು ಎರಡು ಸಲ ಓದಿಸಿ ಕೇಳಿದ. ನಡುವೆ ಮತ್ತೊಬ್ಬನಿದ್ದರೆ ತಾನೆ ಅವನನ್ನು ಹುಡುಕಿ ವಿಚಾರಿಸುವುದು? ಎಲ್ಲ ಕೊಂಡಿಯೂ ತನ್ನಲ್ಲೇ ಶುರುವಾಗಿ ತನ್ನಲ್ಲೇ ಮುಗಿಯಬೇಕು.

ಹೆಂಡತಿ ವಾಪಸಾದಾಗ ಕತೆಯನ್ನು ಅವಳ ಮೇಲೂ ಪ್ರಯೋಗಿಸಿದ. ಅವಳು ಚೀಲ ಕೆಳಗಿಡದೆಯೇ ಕೇಳಿದಳು: "ಮೂವತ್ತು ವರ್ಷದಿಂದ ಸಂಸಾರ ಮಾಡ್ತಿದ್ದೀವಿ, ಒಂದು ದಿನ ಆದ್ರೂ ಹೇಳಿದ್ರಾ?"

"ಹೇಳೋ ಸಂದರ್ಭ ಬರ್ಲಿಲ್ಲ."

"ಅಪ್ಪನ ಕಾಲದ್ದು ಅಂತೀರ. ನನ್ನನ್ನ ಏನಾದ್ರೂ ಕೇಳೋದಿದ್ರೆ ಕೇಳಿ."

"ನೀನಾಗ ಫ್ರಾಕು ಹಾಕ್ಕೊಂಡು ಓಡಾಡ್ತಿದ್ದೆ. ನಿನಗೇನು ಗೊತ್ತಿರುತ್ತೆ ಸೈಕಲ್ ವಿಷಯ," ಎಂದು ನಕ್ಕುಬಿಟ್ಟ. ಅವಳು ಚೀಲವೆತ್ತಿಕೊಂಡು ಒಳಗೆ ಹೋದಳು.

ಡಾಕ್ಟರು ಫ್ರೇಮಿನ ತಳದ ನಂಬರು ಓದಿ ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ಎದ್ದು, ಬಿಳಿ ಕೋಟು ತೊಟ್ಟು, ಅದನ್ನು ಕ್ಲಿನಿಕ್ಕಿಗೆ ಒಯ್ದು ರೋಗಿಯ ಕುರ್ಚಿಯ ಮೇಲೆಯೇ ಮಲಗಿಸಿದರು. ಹೊರಗೆ ಕೆನ್ನೆ ಊದಿಸಿಕೊಂಡು ಕೂತಿದ್ದ ಮೂವರನ್ನು ನಾಳೆ ಬನ್ನಿ ಎಂದು ಕಳಿಸಿದರು. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಪೈಪಿನೊಳಗೆ ತೂರಿಸಿ ನೋಡಿದರು. ಅಂಟಿಸಿದ ಗೆರೆಯಿಲ್ಲ. ತಟ್ಟಿ ಕಿವಿಗೊಟ್ಟರು. ಹಡಗಿನ ಪೈಪು. ಸೀಟಿನ ಪೈಪಿನ ಬಾಯಲ್ಲಿ ಫಿಲ್ಮ್ ಇಟ್ಟು ಎಕ್ಸ್-ರೇ ತೆಗೆದರು. ಎರಡು ಮೊಳೆಗಳು ಹಲ್ಲಿನ ಬೇರಿನ ಹಾಗೆ ಬೆಳ್ಳಗೆ ನಿಂತಿದ್ದವು, ಪಕ್ಕದಲ್ಲಿ ಗುಳ್ಳೆ.

"ಈ ಗುಳ್ಳೆ ನೋಡಪ್ಪಾ," ಎಂದರು. "ಇದು ತಪ್ಪಲ್ಲ. ಇದು ಸಹಿ. ಇಂಥದ್ದನ್ನ ಬೇಕು ಅಂತ ಮಾಡೋಕೆ ಯಾರಿಂದಲೂ ಆಗಲ್ಲ."

"ನಿಜ ಡಾಕ್ಟ್ರೇ," ಎಂದ ಬೆಸುಗೆ, ಕಣ್ಣು ತಗ್ಗಿಸಿ. ಆ ಗುಳ್ಳೆ ಏಳಿಸಲು ಅವನಿಗೆ ನಾಲ್ಕು ದಿನ ಹಿಡಿದಿತ್ತು.

ಡಾಕ್ಟರು ತಮ್ಮ ಹೆಸರಿನ ಕಾಗದದ ಮೇಲೆ ಪ್ರಮಾಣಪತ್ರ ಬರೆದರು. ಈ ಫ್ರೇಮು ಮೂವತ್ತೆಂಟು ವರ್ಷ ಹಳೆಯದು. ಇದನ್ನು ಕಟ್ಟಿದ್ದು ಮೇಸ್ತ್ರಿಗಳ ಕೈಯೇ ಹೊರತು ಇನ್ನಾರದೂ ಆಗಿರಲು ಸಾಧ್ಯವಿಲ್ಲ. ಆ ವಾರವೇ ಆರು ಜನ ಏದುಸಿರು ಬಿಡುತ್ತ ಮೇಜನ್ನು ಬೆಸುಗೆಯ ವರ್ಕ್‌ಶಾಪಿಗೆ ತಂದಿಳಿಸಿದರು. ಅವನು ಬಾಗಿಲು ಹಾಕಿಕೊಂಡು, ಸೀಮೆಎಣ್ಣೆ ಬಟ್ಟೆಯಿಂದ ನಾಲ್ಕು ಉಂಗುರಗಳನ್ನೂ ಉಜ್ಜಿ ತೆಗೆದ. ತಣ್ಣಗಿನ ಕಬ್ಬಿಣದ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತ. ಕಣ್ಣು ಒದ್ದೆಯಾದದ್ದು ಸೀಮೆಎಣ್ಣೆಯ ಘಾಟಿಗೆ ಎಂದುಕೊಂಡ.

ಮುಂದಿನ ಭಾನುವಾರ ಪತ್ರಿಕೆಯಲ್ಲಿ ಅರ್ಧ ಪುಟದ ಸುದ್ದಿ ಬಂತು: 'ಕಳೆದುಹೋಗಿದ್ದ ನೂರ ಹದಿನೈದು ಸಿಕ್ಕಿತು.' ಫೋಟೋದಲ್ಲಿ ಡಾಕ್ಟರು ಫ್ರೇಮನ್ನು ಹೆತ್ತ ಮಗುವಿನ ಹಾಗೆ ಎತ್ತಿ ಹಿಡಿದಿದ್ದರು. ಪಕ್ಕದಲ್ಲಿ ಬೆಸುಗೆಯ ಅರ್ಧ ಮುಖ. ಒಂಬತ್ತು ದಿನದ ಮೇಲೆ ಡಾಕ್ಟರ ಮನೆಯಿಂದ ಫೋನು. ಸರ್ಕಾರದ ಕಡೆಯಿಂದ ಯಾರೋ ಬಂದಿದ್ದಾರೆ, ನಿನ್ನನ್ನು ನೋಡಬೇಕಂತೆ. ಬಿರುದೋ, ಸನ್ಮಾನವೋ ಇರಬೇಕೆಂದು ಬೆಸುಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ.

ನಡುಮನೆಯಲ್ಲಿ ಕೂತಿದ್ದಾಕೆ ಪೊಲೀಸ್ ಇನ್ಸ್‌ಪೆಕ್ಟರ್. ತಾಯಿಯಂಥ ಮುಖ, ಮೆತ್ತನೆಯ ದನಿ. ತೊಡೆಯ ಮೇಲೊಂದು ಹಳೆಯ ಫೈಲು.

"ಕೂತ್ಕೊಳ್ಳಿ ಯಜಮಾನ್ರೇ. ಈ ಹೇಳಿಕೆ ನಿಮ್ಮದೇ ತಾನೆ?"

"ನನ್ನದೇ ಮೇಡಂ. ನೋಟರಿ ಸಹಿ ಇದೆ ನೋಡಿ."

"ಯಾರೂ ಬಲವಂತ ಮಾಡಿ ಬರೆಸಿಲ್ವಲ್ಲ?"

"ಛೆ ಛೆ, ಪೂರ್ತಿ ನನ್ನ ಸ್ವಂತ ಮಾತು."

"ಮೊದಲ ಮಾಲೀಕರ ಕೈಯಿಂದ ನೇರವಾಗಿ ಬಂತು ಅಂತೀರ."

"ನೇರವಾಗಿ. ನಡುವೆ ಒಂದು ನೊಣಾನೂ ಇಲ್ಲ."

"ಅವರು ಹೇಗಿದ್ರು, ಏನಾದ್ರೂ ನೆನಪಿದೆಯಾ?"

ಬೆಸುಗೆಗೆ ಹುರುಪು ಬಂತು. ಕಣ್ಣು ಅರೆಮುಚ್ಚಿ, ನೆನಪಿನ ಬಾವಿಯಿಂದ ಸೇದುವವನ ಹಾಗೆ ಹೇಳಿದ: "ಎತ್ತರ ಇದ್ರು. ತೋಳು ಮಡಿಸಿದ ಅಂಗಿ, ಜೇಬಲ್ಲಿ ಪೆನ್ನು. ಯಾವುದೋ ಆಫೀಸಲ್ಲಿ ಕೆಲಸ ಮಾಡೋರು ಅನ್ನಿಸ್ತು."

ಇನ್ಸ್‌ಪೆಕ್ಟರಮ್ಮ ಬರೆದುಕೊಂಡರು. "ನಿಮ್ಮಣ್ಣನ ಷೆಡ್ಡು ಕಲ್ಲು ಕ್ವಾರಿಗೆ ಹೋಗೋ ರಸ್ತೇಲಿ ಅಲ್ವಾ?"

"ಅದೇ ಮೇಡಂ! ನಿಮಗೆ ಆ ಕಡೆ ಗೊತ್ತಾ?"

"ಗೊತ್ತು." ಅವರು ಪೆನ್ನಿನ ಮುಚ್ಚಳ ಹಾಕಿದರು. "ಅವರು ಸರ್ವೆ ಇಲಾಖೇಲಿದ್ರು. ಹೊಸ ಸೈಕಲ್ ಬಂದ ಒಂಬತ್ತನೇ ದಿನ ಅದನ್ನ ಹತ್ತಿ ಮನೆಯಿಂದ ಹೊರಟೋರು ವಾಪಸ್ ಬರ್ಲಿಲ್ಲ. ಮೂರು ವಾರ ಆದ್ಮೇಲೆ ಕ್ವಾರಿ ನೀರಲ್ಲಿ ಹೆಣ ಸಿಕ್ತು. ತಲೆ ಹಿಂಭಾಗ ಒಡೆದಿತ್ತು. ಸೈಕಲ್ ಮಾತ್ರ ಸಿಗಲೇ ಇಲ್ಲ. ಅವರ ತಂಗಿಗೀಗ ಎಪ್ಪತ್ತು ವರ್ಷ. ಪ್ರತಿ ವರ್ಷ ಸ್ಟೇಷನ್ನಿಗೆ ಬಂದು, ನಮ್ಮಣ್ಣನ ಸೈಕಲ್ ಸಿಕ್ತಾ ಅಂತ ಕೇಳ್ಕೊಂಡು ಹೋಗ್ತಾರೆ. ಈ ಸಲ ಪತ್ರಿಕೆ ಹಿಡ್ಕೊಂಡೇ ಬಂದ್ರು."

ಬೆಸುಗೆ ಕುರ್ಚಿಯಿಂದ ಎದ್ದುಬಿಟ್ಟ. "ಮೇಡಂ, ಅದು ಡೂಪ್ಲಿಕೇಟು. ನಾನೇ ಕಟ್ಟಿದ್ದು. ಹೋದ ತಿಂಗಳು."

ಡಾಕ್ಟರು ಗಹಗಹಿಸಿ ನಕ್ಕರು. ಎದ್ದು ಎಕ್ಸ್-ರೇ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇವನು ಕಟ್ಟಿದ್ದಂತೆ! ಮೇಡಂ, ಈ ಉಕ್ಕು ಈಗ ದುಡ್ಡು ಕೊಟ್ರೂ ಸಿಗಲ್ಲ. ಒಳಗಿನ ತುಕ್ಕು ನೋಡಿ, ಬೆಸುಗೆ ನೋಡಿ. ಪಾಪ, ಇವನ ಕೆಲಸ ನನಗೆ ಗೊತ್ತು. ನೀಟಾಗಿ ಮಾಡ್ತಾನೆ, ಅಷ್ಟೆ. ನಾನು ಬರೆದುಕೊಟ್ಟಿದ್ದೀನಲ್ಲ, ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ."

"ಪೈಪು ಎಲ್ಲಿ ತಂದ್ರಿ?" ಎಂದು ಇನ್ಸ್‌ಪೆಕ್ಟರಮ್ಮ ಕೇಳಿದರು.

"ಪರದೆ ಕಂಬಿ ಮೇಡಂ. ಒಬ್ಬರು ಅಜ್ಜಿ ಮನೆಯ ಪರದೆ ಕಂಬಿ."

ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ಮುಖ ತಿರುಗಿಸಿಕೊಂಡು ಕೆಮ್ಮಿದ. ಬೆಸುಗೆ ತಾನೇ ಅಳಿಸಿದ್ದನ್ನೆಲ್ಲ ಮನಸ್ಸಿನಲ್ಲಿ ತಡಕಿದ. ಒಂದು ತುಂಡು ಪೈಪು, ಒಂದು ಚಿಟಿಕೆ ಪುಡಿ, ಆ ಕಂಬಿಗಳ ಗುರುತು ಹೇಳಬಲ್ಲ ಒಂದು ಜೊತೆ ಕಣ್ಣು, ಯಾವುದೂ ಇರಲಿಲ್ಲ. ಮುಳುಗುವವನಿಗೆ ಕೊನೆಗೊಂದು ಹಿಡಿತ ಸಿಕ್ಕಿತು. "ಮೇಡಂ, ನೂರ ಹದಿನೈದು ನಾನು ಸುಮ್ಮನೆ ಆರಿಸ್ಕೊಂಡ ನಂಬರು! ರಿಜಿಸ್ಟರಲ್ಲಿ ಆ ಹಾಳೆನೇ ಇಲ್ಲ, ಡಾಕ್ಟ್ರನ್ನೇ ಕೇಳಿ. ಮಾವ ಹರಿದು ಸ್ಟವ್ ಹೊತ್ತಿಸಿದ್ರು. ಸತ್ತೋರ ಸೈಕಲ್ ನಂಬರು ಅದೇ ಅಂತ ಯಾರಿಗೆ ಹೇಗೆ ಗೊತ್ತಾಗುತ್ತೆ?"

ಇನ್ಸ್‌ಪೆಕ್ಟರಮ್ಮ ಫೈಲು ಬಿಚ್ಚಿದರು. ಟ್ವೈನ್ ದಾರದಲ್ಲಿ ಹೊಲಿದ ಕಾಗದಗಳ ನಡುವೆ, ಒಂದು ಪಕ್ಕ ಹರಿದ, ಹಳದಿಗೆ ತಿರುಗಿದ ಒಂದು ಹಾಳೆ ಇತ್ತು. ಮೇಲ್ಗಡೆ ಮಾವನ ಗುಂಡು ಅಕ್ಷರ: ನಂಬರು ನೂರ ಹದಿನೈದು, ಅದರ ಕೆಳಗೆ ಸರ್ವೆ ಇಲಾಖೆಯವರ ಹೆಸರು. ಹಾಳೆಯ ಬೆನ್ನಿಗೆ ಠಾಣೆಯ ಮೊಹರು, ಮೂವತ್ತೆಂಟು ವರ್ಷದ ಹಿಂದಿನ ತಾರೀಖು, ಮಾವನ ಸಹಿ. "ಯಾರೂ ಸ್ಟವ್ ಹೊತ್ತಿಸಿಲ್ಲ ಯಜಮಾನ್ರೇ," ಎಂದರು ಅವರು, ಮಗುವಿಗೆ ತಿಳಿಹೇಳುವ ದನಿಯಲ್ಲಿ. "ಸೈಕಲ್ ಯಾವತ್ತಾದ್ರೂ ಸಿಕ್ರೆ ಗುರುತಿಗೆ ಇರ್ಲಿ ಅಂತ ನಿಮ್ಮ ಮಾವನೇ ಈ ಹಾಳೆ ಹರಿದು ನಮ್ಮ ಕೈಗೆ ಕೊಟ್ರು. ಈಗ ಬರೋ ದಾರೀಲಿ ನಿಮ್ಮ ಮನೆಗೂ ಹೋಗಿದ್ದೆ. ಪೊಲೀಸರು ಬಂದು ಹಾಳೆ ತಗೊಂಡು ಹೋದ ದಿನ ನಿಮ್ಮ ಮನೆಯವರಿಗೆ ಚೆನ್ನಾಗಿ ನೆನಪಿದೆ."